ಮೇಲಿನ ಬಾಟ್ಲಿಯ ಸರಬತ್ತು

“ಹಾಡೂದು ನಿನ್ನ ಕೆಲಸ. ಸೆಖೆಯನ್ನ ನನಗೆ ಬಿಡು!” ಎಂದು ಮಂಗೇಶ ಎದೆ ತಟ್ಟಿಕೊಂಡು ಘೋಷಿಸಿದ.

“ನಿಮಗೆ ಬಿಟ್ರೆ ಅದು ಕಡಿಮೆ ಆಗ್ತದಾ?” ಎಂದಳು ಹೆಂಡತಿ ವಿಜೇತಾ.

ಮೇ ತಿಂಗಳಲ್ಲಿ, ಕಾರವಾರದ ಕಡಲತೀರದಲ್ಲಿ, ಹಾಡುಹಗಲೇ ಶುರುವಾಗುವ ಬಯಲು ಸಂಗೀತೋತ್ಸವ! ಬಾಳೆಗುಳಿಯ ಮಹಿಳಾ ಭಜನಾ ಮಂಡಳಿಗೂ ಕರೆ ಬಂದಿತ್ತು. ಇಷ್ಟು ವರ್ಷ ಹಿಂದಿನ ಸಾಲಿನಲ್ಲಿ ಕೂತು ತಾಳ ಕುಟ್ಟುತ್ತಿದ್ದ ವಿಜೇತಾ ಮೊದಲ ಸಲ ಒಬ್ಬಳೇ ಮೈಕಿನ ಮುಂದೆ ನಿಲ್ಲುವವಳಿದ್ದಳು. ಸೆಖೆಗೆ ಗಂಟಲು ಒಣಗಿ ದನಿ ಕೈಕೊಟ್ಟರೆ ಮತ್ತೆ ಹಿಂದಿನ ಸಾಲೇ ಗತಿ. ಅದಕ್ಕೇ ಮಂಗೇಶ ಆಫೀಸಿಗೆ ರಜೆ ಹಾಕಿ ಸಮರಸನ್ನದ್ಧನಾದ. ಛತ್ರಿ, ಬೀಸಣಿಗೆ, ಒದ್ದೆ ಟವೆಲ್ಲು! ಎಲ್ಲಕ್ಕೂ ಮಿಗಿಲಾಗಿ, ಇಡೀ ಮಂಡಳಿಗೆ ಸ್ವಹಸ್ತದಿಂದ ಕೋಕಂ ಸರಬತ್ತು!

ಆ ದಿನ ಹೆಂಗಸರೆಲ್ಲ ಬೆಳಿಗ್ಗೆಯೇ ಟೆಂಪೋ ಹತ್ತಿ ಹೋದರು. ಮಂಗೇಶ ಅಡುಗೆಮನೆಯ ಕಪಾಟು ತೆರೆದ. ಮೇಲೊಂದು ಬಾಟ್ಲಿ, ಕೆಳಗೊಂದು ಬಾಟ್ಲಿ. ಎರಡರಲ್ಲೂ ಅದೇ ಕಡುಗೆಂಪು ರಸ! ಊಟದ ತಟ್ಟೆಯಿಂದಾಚೆಗೆ ಅಡುಗೆಮನೆಯ ಗಂಧಗಾಳಿಯಿಲ್ಲದ ಈ ಮಹಾನುಭಾವ ಹೆಂಡತಿಗೆ ಫೋನು ಹಚ್ಚಿದ.

“ಸರಬತ್ತಿಗೆ ಯಾವ ಬಾಟ್ಲಿ, ಮಾರಾಯ್ತಿ?”

ಆ ಕಡೆ ಕಡಲಗಾಳಿ, ಮೈಕಿನವರ ಹಲೋ ಹಲೋ. “ಕೆಳಗಿಂದು! ಮೇಲಿಂದು ಆಗಳ!” ಎಂದು ವಿಜೇತಾ ಕೂಗಿದಳು. “ಕೆಳಗಿಂದು” ಗಾಳಿಪಾಲಾಯಿತು. ಮಂಗೇಶನ ಕಿವಿಗೆ ಬಿದ್ದದ್ದು, “ಮೇಲಿಂದು ಆಗ್ಲಿ!”

“ನೀ ಆಗ್ಲಿ ಅಂದ್ಮೇಲೆ ಆಗ್ಲಿ!” ಎಂದು ಅವನು ಫೋನಿಟ್ಟ.

ಆಗಳ ಎಂದರೆ ಅದೇ ಕೋಕಂ, ಅಂದರೆ ಮುರುಗಲ ಹಣ್ಣಿಗೆ ಉಪ್ಪು ಸುರಿದು ಇಳಿಸಿದ ರಸ, ಬಂಗಡೆ ಮೀನಿನ ಸಾರಿಗೆ ಹುಳಿ ಕೊಡುವಂಥದ್ದು. ಒಂದು ಚಮಚೆ ಬಿದ್ದರೆ ಪಾತ್ರೆ ತುಂಬ ಸಾರು ಎದ್ದು ಕೂರುತ್ತದೆ. ಮಂಗೇಶ ಇಡೀ ಬಾಟ್ಲಿಯನ್ನೇ ಕ್ಯಾನಿನ ನೀರಿಗೆ ಬಗ್ಗಿಸಿದ! ಬಣ್ಣ ನೋಡಿ ತಾನೇ ಮರುಳಾದ. ರುಚಿ ಮಾತ್ರ ನೋಡಲಿಲ್ಲ, ಪಾಪ, ಸಕ್ಕರೆ ಕಾಯಿಲೆಯವ. ಜೀವಮಾನದಲ್ಲಿ ಅವನು ಡಾಕ್ಟರ ಮಾತು ಕೇಳಿದ್ದು ಅದೊಂದೇ ದಿನ.

ಮಧ್ಯಾಹ್ನ ರಿಕ್ಷಾದಿಂದ ಕ್ಯಾನಿಳಿಸಿದಾಗ ವೇದಿಕೆಯ ಹಿಂದೆ ಮಂಡಳಿಯವರೆಲ್ಲ ಬೆವರಿನಲ್ಲಿ ಮಿಂದು ಕುಳಿತಿದ್ದರು. ಮಂಗೇಶ ಮದುವೆಮನೆಯ ಯಜಮಾನನ ಗತ್ತಿನಲ್ಲಿ ಗ್ಲಾಸು ಹಂಚಿದ. ಮಂಡಳಿಗೆ ತಬಲಾ ಬಾರಿಸುವ ಹುಲಿಯಾ ಒಂದೇ ಗುಟುಕಿಗೆ ಗ್ಲಾಸು ಬರಿದು ಮಾಡಿದ. ಅವನ ಒಂದು ಕಣ್ಣು ಮುಚ್ಚಿತು, ಇನ್ನೊಂದು ಮುಚ್ಚಲು ಹೆದರಿತು.

“ಎಂತದು ಇದು ಮಂಗೇಶಣ್ಣಾ? ಸಮುದ್ರ ಇಲ್ಲೇ ಇತ್ತಲ್ಲ, ಮನೆಯಿಂದ ತರೂದೆಂತಕ್ಕೆ?”

ಅಷ್ಟರಲ್ಲಿ ವಿಜೇತಾ ಕೂಡ ಅರ್ಧ ಗ್ಲಾಸು ಇಳಿಸಿಯಾಗಿತ್ತು. ಕೆಮ್ಮು ಶುರುವಾಯಿತು. ಎಂಥ ಕೆಮ್ಮು! ಒಂದೊಂದು ಕೆಮ್ಮಿಗೂ ಮಂಗೇಶನ ಜೀವ ಬಾಯಿಗೆ ಬಂತು. ಉಪ್ಪು ಇಳಿಯಲಿ ಎಂದು ಅವನು ಕ್ಯಾನಿಗೆ ನೀರು ಸುರಿದ. ಇಳಿಯಲಿಲ್ಲ. ಇನ್ನೊಂದು ಕ್ಯಾನಿಗೆ ಹಂಚಿ ಮತ್ತೆ ಸುರಿದ. ಉಪ್ಪು ಹಾಗೇ ಇತ್ತು, ಸರಬತ್ತು ಮಾತ್ರ ಊರಿಗಾಗುವಷ್ಟಾಯಿತು!

“ಅಲ್ರೀ, ಮೇಲಿಂದು ಆಗಳ ಅಂತ ಬಡ್ಕೊಂಡ್ನಲ್ಲ!”

“ಆಗ್ಲಿ ಅಂದ್ಯಲ್ಲೇ ನೀನು!”

ವಿಜೇತಾ ಬೈಯಲು ಬಾಯಿ ತೆರೆದಳು. ಗಂಡನ ಮುಖ ನೋಡಿ ನಗುವೇ ಬಂತು. ಆಗಲೇ ಮೈಕಿನಲ್ಲಿ ಅವಳ ಹೆಸರು ಕೂಗಿದರು. ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅವನ ಒದ್ದೆ ಟವೆಲ್ಲಿನಿಂದ ಮುಖ ಒರೆಸಿಕೊಂಡು ಮೆಟ್ಟಿಲು ಹತ್ತಿದಳು. ಮಂಗೇಶ ಕ್ಯಾನುಗಳ ನಡುವೆ ನಿಂತು ನೆನಪಾದ ದೇವರಿಗೆಲ್ಲ ತೆಂಗಿನಕಾಯಿ ಹೇಳಿಕೊಂಡ.

ಮೊದಲ ಸ್ವರ ಚೂರು ನಡುಗಿತು. ಎರಡನೆಯದು ಗಟ್ಟಿಯಾಯಿತು. ಆಮೇಲೆ ದನಿ ಏರಿದ್ದೇ ಏರಿದ್ದು! ಐಸ್‌ಕ್ರೀಮಿನವನು ಗಂಟೆ ಬಾರಿಸುವುದನ್ನು ಮರೆತ. ಮರಳಿನಲ್ಲಿ ಕುಣಿಯುತ್ತಿದ್ದ ಮಕ್ಕಳು ಕೂತರು. ಪಾತ್ರೆ ತೊಳೆಯುತ್ತ ಗುನುಗುತ್ತಿದ್ದವಳು ಇವಳೇನಾ! ಮಂಗೇಶನಿಗೆ ಎಷ್ಟು ಹೆಮ್ಮೆಯಾಯಿತೆಂದರೆ ಕಣ್ಣಲ್ಲಿ ನೀರೇ ಬಂತು. ಪಕ್ಕದಲ್ಲಿದ್ದ ಅಪರಿಚಿತನ ಭುಜ ಹಿಡಿದು, “ನನ್ನ ಹೆಂಡ್ತಿ!” ಎಂದ. ಆತ ಏನೂ ವಿಚಾರಿಸಿರಲಿಲ್ಲ, ಆದರೂ ಇನ್ನೊಮ್ಮೆ ಹೇಳಿದ.

ಚಪ್ಪಾಳೆ ನಿಲ್ಲುವುದಕ್ಕೇ ಹೊತ್ತು ಹಿಡಿಯಿತು. ನಿರೂಪಕ ಕುಮಾರ ಮೈಕು ಹಿಡಿದು ಕೇಳಿದ, “ಅಕ್ಕಾ, ಈ ಸುಡು ಸೆಖೆಯಲ್ಲಿ ಇಂಥಾ ಕಂಠ! ಎಂತ ಗುಟ್ಟು?”

ವಿಜೇತಾ ಗಂಡನ ಕಡೆ ನೋಡಿ ಸಿಹಿಯಾಗಿ ನಕ್ಕಳು.

“ನಮ್ಮನೆಯವರು ಕೈಯಾರೆ ಮಾಡಿದ ಸರಬತ್ತು! ಅಲ್ಲೇ ನಿಂತಾರೆ ನೋಡಿ. ಎರಡು ಕ್ಯಾನ್ ಅದೆ. ಎಲ್ಲರೂ ಕುಡ್ದೇ ಹೋಗ್ಬೇಕು!”

ಇಡೀ ಕಡಲತೀರ ತಿರುಗಿತು! ಓಡೋಣವೆಂದರೆ ಹಿಂದೆ ಸಮುದ್ರ. ಮುಂದೆ ಆಗಲೇ ಸಾಲು. ಸಾಲಿನ ಮೊದಲಿಗೇ ಬೇಲೆಕೇರಿಯಿಂದ ಹಾಡು ಕೇಳಲೆಂದೇ ಬಂದಿದ್ದ ವಿಜೇತಾಳ ಮಾವಶಿ, ಅವಳ ತಾಯಿಯ ತಂಗಿ ಗಂಗೂಬಾಯಿ, ಕೈಯಲ್ಲಿ ಗ್ಲಾಸು ಹಿಡಿದು. ಕೊಡದೆ ವಿಧಿಯಿರಲಿಲ್ಲ. ಆಕೆ ಒಂದು ಗುಟುಕು ಕುಡಿದು, ನಾಲಗೆ ಚಪ್ಪರಿಸಿ, ಗ್ಲಾಸಿನೊಳಗೆ ಇಣುಕಿ ಹುಡುಕಿದಳು.

“ಸಾರು ಅಡ್ಡಿಲ್ಲ ಮಂಗೇಶಾ. ಬಂಗಡೆ ಎಲ್ಲಿ?”