ಜಿಗಣೆ ಕೊಟ್ಟ ರಿಪೋರ್ಟು

ನಮ್ಮ ಚಿಕ್ಕಪ್ಪನ ಮನೆಗೆ ಹೋಗಿ ಕಾಫಿ ಕುಡಿದು ಬಂದವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ, ಶಾಲು ಹೊದಿಸುತ್ತೇನೆ! ಮನೆ ಇರುವುದು ಚೆಟ್ಟಳ್ಳಿಯಲ್ಲಿ. ಅಂಗಳ ಇಳಿದರೆ ಕಾಫಿ ಗಿಡ, ಅಟ್ಟ ಹತ್ತಿದರೆ ಕಾಫಿ ಮೂಟೆ. ಆದರೆ ಹೋದವರ ಕೈಗೆ ಬರುವುದು ಮಾತ್ರ ನೆನೆಸಿಟ್ಟ ಮೆಂತ್ಯದ ನೀರು. "ಕುಡಿ ಮಾರಾಯ, ಸಕ್ಕರೆ ಹತ್ರ ಸುಳಿಯಲ್ಲ." ಸಕ್ಕರೆ ಕಾಯಿಲೆ ಇರುವುದು ಅವರಿಗೆ, ಶಿಕ್ಷೆ ನಮಗೆ!

ಕಾಯಿಲೆ ಗೊತ್ತಾದದ್ದು ಹೋದ ವರ್ಷ. ಕುಶಾಲನಗರದ ಡಾಕ್ಟರು ಮಾತ್ರೆ ಬರೆದುಕೊಟ್ಟು, "ಹಾಗಲಕಾಯಿ, ಮೆಂತ್ಯ ಎಲ್ಲ ತಿನ್ನಿ, ಒಳ್ಳೇದೇ. ಆದ್ರೆ ಮಾತ್ರೆ ಮಾತ್ರ ಬಿಡ್ಬೇಡಿ" ಎಂದರು. ಪಕ್ಕದಲ್ಲಿ ಕೂತಿದ್ದ ನಾನು ಪೂರ್ತಿ ಕೇಳಿಸಿಕೊಂಡೆ. ಚಿಕ್ಕಪ್ಪನ ಕಿವಿ 'ಒಳ್ಳೇದೇ' ಎಂಬಲ್ಲಿಗೆ ಬಾಗಿಲು ಹಾಕಿಕೊಂಡಿತು. ಪಾಪ, ಚಿಕ್ಕಮ್ಮನ ಅಣ್ಣ ಇದೇ ಕಾಯಿಲೆಯಲ್ಲಿ ಒಂದು ಕಾಲು ಕಳೆದುಕೊಂಡವರು. ಗಂಡನ ಕಾಲಿಗೂ ಅದೇ ಗತಿ ಬಂದೀತೆಂಬ ಭಯದಲ್ಲಿ ಆಕೆ ಮಾತ್ರೆ ಹಿಡಿದು ಹಿಂದೆ ಮುಂದೆ ಸುತ್ತುತ್ತಿದ್ದರು.

"ನಿಮ್ಮ ದಮ್ಮಯ್ಯ, ಇದೊಂದು ನುಂಗಿ."

"ಅಡುಗೆಮನೆ ತುಂಬ ಮದ್ದು ಇಟ್ಕೊಂಡು ಈ ಸುಣ್ಣದ ತುಂಡು ಯಾಕೇ?"

ಅಲ್ಲಿಂದ ಶುರುವಾಯಿತು ನೋಡಿ! ಬೆಳಿಗ್ಗೆ ಹಾಗಲಕಾಯಿ ರಸ, ಆಮೇಲೆ ಬೆಂಡೆಕಾಯಿ ನೆನೆಸಿದ ಲೋಳೆ ನೀರು, ಮಧ್ಯಾಹ್ನ ಚಕ್ಕೆ ಕಷಾಯ, ಸಂಜೆ ನೇರಳೆ ಬೀಜದ ಪುಡಿ. ಹಾಗಲಕಾಯಿ ರಸವನ್ನು ಅವರು ಕುಡಿಯುವ ಠೀವಿ ನೋಡಬೇಕು. ಮುಖದ ಒಂದು ಗೆರೆಯೂ ಅಲ್ಲಾಡುವುದಿಲ್ಲ, ಬಾಯಿ ಚಪ್ಪರಿಸುವುದು ಬೇರೆ! ನೋಡುತ್ತಾ ನಿಂತ ನಮ್ಮ ಮುಖ ಮಾತ್ರ ಹಿಂಡಿಕೊಂಡಿರುತ್ತದೆ.

ಇಷ್ಟೆಲ್ಲ ಪಥ್ಯದ ಮನುಷ್ಯ ವಿರಾಜಪೇಟೆಯ ಮದುವೆಯೊಂದರಲ್ಲಿ ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು. ನಾನು ಕಣ್ಣು ಬಿಟ್ಟೆ. ಅವರು ತುಪ್ಪಕ್ಕೆ ಕೈ ತೋರಿಸುತ್ತಾ ಹೇಳಿದರು, "ಹಾಗಲಕಾಯಿ ಕುಡ್ಕೊಂಡೇ ಬಂದಿದ್ದೀನಿ ಕಣೋ. ಹೊಟ್ಟೇಲಿ ಸುಮ್ನೆ ಕೂತದೆ. ಅದಕ್ಕೂ ಒಂದು ಕೆಲಸ ಬೇಡ್ವಾ?" ಈ ಲೆಕ್ಕಾಚಾರಕ್ಕೆ ಯಾವ ಡಾಕ್ಟರು ಉತ್ತರ ಹೇಳಬೇಕು?

ಮಳೆ ಬಿಡದೆ ಹೊಡೆಯುವ ಆಟಿ ತಿಂಗಳಲ್ಲಿ ಇನ್ನೊಂದು ಅವಾಂತರ. ಆ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನೊಳಗೆ ಹದಿನೆಂಟು ಔಷಧಿ ಬಂದು ಕೂರುತ್ತವೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಮನೆಮನೆಯಲ್ಲೂ ಅದರದೇ ಪಾಯಸ. ತಿಂದವರ ಮೂತ್ರ ಕೆಂಪಾಗುತ್ತದೆ, ಅದು ಮದ್ದು ಹತ್ತಿದ್ದಕ್ಕೆ ಸಾಕ್ಷಿ! ಹದಿನೆಂಟರಲ್ಲಿ ಒಂದಾದರೂ ಸಕ್ಕರೆಗೆ ಇರಲೇಬೇಕೆಂದು ಚಿಕ್ಕಪ್ಪ ಬೆಲ್ಲದ ಪಾಯಸವನ್ನು ಬಟ್ಟಲುಗಟ್ಟಲೆ ಹೊಡೆದರು. ಮಾರನೇ ದಿನ ಚಿಕ್ಕಮ್ಮ ಅತ್ತು ಕರೆದು ಅವರನ್ನು ಲ್ಯಾಬಿಗೆ ಕಳಿಸಿದರು. ಲ್ಯಾಬಿನ ಹುಡುಗಿ ಬಯಲುಸೀಮೆಯವಳು, ಕೆಲಸಕ್ಕೆ ಹೊಸಬಳು. ಬಾಟಲಿಯ ಬಣ್ಣ ನೋಡಿದ್ದೇ ಹೌಹಾರಿ, "ಸಾರ್, ಅಲ್ಲಾಡ್ಬೇಡಿ, ಕೂತ್ಕೊಳ್ಳಿ!" ಎಂದು ಕುರ್ಚಿ ಎಳೆದುಕೊಟ್ಟಳು. ರಕ್ತವನ್ನೂ ಕೊಡದೆ ಚಿಕ್ಕಪ್ಪ ಬಿದ್ದು ಬಿದ್ದು ನಗುತ್ತಾ ಮನೆಗೆ ಬಂದರು.

"ಮದ್ದು ಪಾಯಸ ಗೊತ್ತಿಲ್ದವರು ನನ್ನ ಸಕ್ಕರೆ ಏನು ಹೇಳ್ತಾರೆ? ನನ್ನ ಲ್ಯಾಬು ತೋಟದಲ್ಲೇ ಅದೆ!"

ತೋಟದ ಲ್ಯಾಬು ಯಾವುದು ಗೊತ್ತೇ? ಜಿಗಣೆ! ಸಿಹಿ ಇದ್ದ ಕಡೆ ಇರುವೆ ಬರುವುದಾದರೆ, ರಕ್ತ ಸಿಹಿಯಾದವನ ಕಾಲಿಗೆ ಜಿಗಣೆ ಜಾಸ್ತಿ ಹತ್ತಬೇಕು. ಹತ್ತದಿದ್ದರೆ ಸಕ್ಕರೆ ಇಳಿದಿದೆ ಎಂದರ್ಥ. ಹೋಲಿಸಿ ನೋಡಲು ಸಕ್ಕರೆ ಇಲ್ಲದವನೊಬ್ಬ ಬೇಕಲ್ಲ? ನಾನಿದ್ದೇನಲ್ಲ! ಮಳೆಯಲ್ಲಿ ಇಬ್ಬರೂ ತೋಟ ಸುತ್ತಿ ಬರುವುದು, ಜಗಲಿಯಲ್ಲಿ ಕಾಲು ಚಾಚಿ ಎಣಿಸುವುದು. ಪ್ರತಿ ಸಲವೂ ನನ್ನ ಕಾಲಿಗೇ ಹೆಚ್ಚು. "ನಿನಗೆ ಶುರುವಾಗಿರ್ಬೇಕು, ಮೆಂತ್ಯ ಕುಡಿ" ಎಂಬ ಸಲಹೆ ಬೇರೆ! ಅವರು ಮೊಣಕಾಲಿನ ತನಕ ಅರಿಶಿನ, ಬೇವಿನೆಣ್ಣೆ ಬಳಿದುಕೊಂಡಿರುತ್ತಿದ್ದರು ಎನ್ನುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ.

ಹೀಗಿರುವಾಗ ಒಂದು ದಿನ ಗಾಳಿಗೆ ಸಿಲ್ವರ್ ಓಕ್ ಕೊಂಬೆ ಮುರಿದು ಬಿದ್ದಿತ್ತು. ಗಮ್‌ಬೂಟು ಹಾಕಿಕೊಂಡು ಹೋಗಿ, ಕೊಂಬೆ ಎಳೆದುಹಾಕಿ, ಏರಿ ಹತ್ತಿಕೊಂಡು ವಾಪಸು ಬಂದೆವು. ನಾನು ಜಗಲಿಯಲ್ಲಿ ಕೂತು ಉಪ್ಪು ಹಾಕಿ ಜಿಗಣೆ ಬಿಡಿಸುತ್ತಿದ್ದೆ. ಚಿಕ್ಕಪ್ಪ ರಾಜನಂತೆ ಕೂತು, "ನೋಡು, ನನಗೆ ಒಂದೂ ಇಲ್ಲ. ಚೂರು ತುರಿಕೆನೂ ಇಲ್ಲ. ಗೆದ್ದೆ ಕಣೋ!" ಎನ್ನುತ್ತಾ ಬೂಟು ಎಳೆದರು.

ಬೂಟಿನಿಂದ ಕೆಂಪು ನೀರು ಸುರಿಯಿತು. ಉಬ್ಬಿದ ಜಿಗಣೆಯೊಂದು ಕೆಳಗೆ ಬಿತ್ತು. ಅದಿರಲಿ, ಕತ್ತರಿಸಿದ ಕಾಫಿ ಗಿಡದ ಚೂಪು ಕಡ್ಡಿ ಬೂಟಿನ ತಳ ತೂರಿ ಅಂಗಾಲಿನೊಳಗೆ ಮುರಿದು ಕೂತಿತ್ತು. ಅದನ್ನು ಮೆಟ್ಟಿಕೊಂಡೇ ಅಷ್ಟು ದೂರ ನಡೆದು ಬಂದಿದ್ದರು.

ಚಿಕ್ಕಮ್ಮ ಓಡಿ ಬಂದು ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡರು. "ನೋಯ್ತದಾ?"

"ಇಲ್ಲ."

ಈ ಸಲ ಅದು ಜಂಬವಾಗಿರಲಿಲ್ಲ. ಅವರು ತಮ್ಮ ಕಾಲನ್ನು ಯಾರದೋ ಕಾಲೆಂಬಂತೆ ನೋಡುತ್ತಿದ್ದರು. ಇಷ್ಟು ದಿನ ನಕ್ಕಿದ್ದ ನಾನು ಉಪ್ಪನ್ನು ಅಲ್ಲೇ ಬಿಟ್ಟು ಎದ್ದೆ. ಜೀಪಿನಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಓಡಿದೆವು. ಅವರು ಕಡ್ಡಿ ತೆಗೆದು, ಔಷಧಿ ಹಚ್ಚಿ, ಸಕ್ಕರೆ ಏರಿ ಪಾದಕ್ಕೆ ನೋವೇ ತಿಳಿಯದಂತಾಗಿದೆ, ಕಾಲು ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗುವುದಿಲ್ಲ ಎಂದರು. ಮನೆಗೆ ಬಂದವರೇ ಚಿಕ್ಕಪ್ಪ ಮೆಲ್ಲಗೆ ಕೇಳಿದರು, "ಆ ಸುಣ್ಣದ ತುಂಡು ಎಲ್ಲಿಟ್ಟಿದ್ದೀಯೇ?" ನುಂಗಿದರು. ಲೋಟಗಟ್ಟಲೆ ಹಾಗಲಕಾಯಿ ಕುಡಿದ ಆ ಮಹಾನುಭಾವರು ಮುಖ ಕಿವುಚಿ, "ಥೂ, ಏನೇ ಇದು, ಇಷ್ಟು ಕಹಿ!" ಎಂದರು.

ವಾರಗಟ್ಟಲೆ ಮಾತ್ರೆ, ಇಂಜೆಕ್ಷನ್ನು, ದಿನವೂ ಗಾಯ ತೊಳೆದು ಪಟ್ಟಿ ಕಟ್ಟುವುದು ನಡೆಯಿತು. ಹಾಗಲಕಾಯಿಯೂ ತಪ್ಪಲಿಲ್ಲ ಅನ್ನಿ, ಆದರೆ ಮಾತ್ರೆಯ ಜೊತೆಗೆ. ದಿನವೂ ಚಿಕ್ಕಮ್ಮ "ನೋಯ್ತದಾ?" ಎನ್ನುವರು, ಅವರು "ಇಲ್ಲ" ಎನ್ನುವರು, ಆಕೆಯ ಮುಖ ಇಳಿಯುವುದು.

ಮೊನ್ನೆ ನಾನು ಹೋದಾಗಲೂ ಆಕೆ ಗಾಯ ತೊಳೆಯುತ್ತಿದ್ದರು. ಇದ್ದಕ್ಕಿದ್ದಂತೆ ಚಿಕ್ಕಪ್ಪ ಕಾಲು ಎಳೆದುಕೊಂಡು ಕೂಗಿದರು, "ಅಯ್ಯಯ್ಯೋ, ಮೆಲ್ಲಗೆ ಕಣೇ, ಉರೀತದೆ!"

ಚಿಕ್ಕಮ್ಮನ ಕೈ ನಿಂತಿತು. "ಏನಂದ್ರಿ? ಇನ್ನೊಂದ್ಸಲ ಹೇಳಿ."

"ಉರೀತದೆ ಅಂದೆ."

ಆಕೆ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಚಿಕ್ಕಪ್ಪನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ನನ್ನ ಕಡೆ ತಿರುಗಿ ಗದರಿದರು.

"ಏನೋ ನೋಡ್ತಾ ನಿಂತಿದ್ದೀಯ? ಹೋಗು, ನಿನ್ನ ಚಿಕ್ಕಮ್ಮನಿಗೆ ಒಂದು ಲೋಟ ಕಾಫಿ ಮಾಡ್ಕೊಂಡು ಬಾ. ಸಕ್ಕರೆ ಜಾಸ್ತಿ ಹಾಕು."