ಏರು ಹತ್ತದ ಟರ್ಬೊ ಕಾರು

ನಮ್ಮ ಕಾರನ್ನು ಯಾರಿಗೆ ತೋರಿಸಿದರೂ ಕೊನೆಗೆ ದೋಷ ಕಾರಿನದಲ್ಲ ಎನ್ನುತ್ತಿದ್ದರು.

ಹೆಂಡತಿ ತೀರಿಕೊಂಡ ವರ್ಷ ಅದು. ಅವಳು ಕೊನೆಯ ಸಲ ಆಸ್ಪತ್ರೆಗೆ ಹೋದದ್ದು ಆ ಕಾರಿನಲ್ಲೇ. ಅವತ್ತಿನಿಂದ ಅದು ಏರು ಹತ್ತುವುದನ್ನೇ ಬಿಟ್ಟಿತು. ಅವಳ ಅಣ್ಣ, ಎನ್.ಆರ್. ಪುರದ ನನ್ನ ಭಾವ, ಹೇಳಿಬಿಟ್ಟರು: "ಅವಳ ವರ್ಷಾಂತಿಕದೊಳಗೆ ಸರಿಯಾಗದಿದ್ರೆ ಮಾರಿಬಿಡಿ. ಇದರ ಜೊತೆ ನೀವೂ ನಿಂತುಬಿಟ್ಟಿದೀರಿ." ನನಗೆ ಮಾರುವ ಮನಸ್ಸಿರಲಿಲ್ಲ.

ಕೇಬಲ್

ಕೊಪ್ಪದ ಮೆಕ್ಯಾನಿಕ್ ಜೀಪುಗಳಲ್ಲಿ ಪಳಗಿದವನು. ಇಂಥ ಟರ್ಬೊ ಡೀಸೆಲ್ ಕಾರುಗಳು ನಮ್ಮ ಕಡೆ ಆಗಿನ್ನೂ ಹೊಸತು. ಜೀಪು ಎಳೆಯದಿದ್ದರೆ ಆಕ್ಸಿಲರೇಟರ್ ಕೇಬಲ್ ಬಿಗಿ ಮಾಡುವುದು ಅವನ ಪದ್ಧತಿ. ಬಾನೆಟ್ ಒಳಗೆ ತೋಳುದ್ದ ಕೈ ಹಾಕಿ ಹುಡುಕಿದ, ಕಾರಿನಡಿ ಮಲಗಿಯೂ ಹುಡುಕಿದ. ಎದ್ದು ಬಂದು ತಗ್ಗಿದ ದನಿಯಲ್ಲಿ ಹೇಳಿದ:

"ಮೇಷ್ಟ್ರೇ, ಕಂಪ್ಲೇಂಟ್ ಕೊಡಿ. ನಿಮ್ಮ ಕೇಬಲ್ಲನ್ನ ಯಾರೋ ಕದ್ದಿದಾರೆ."

ಅರ್ಜಿ

ಶಿವಮೊಗ್ಗದ ಸರ್ವಿಸ್ ಸೆಂಟರಿನ ತರುಣ ಲ್ಯಾಪ್‌ಟಾಪ್ ಜೋಡಿಸಿದ.

"ಇದರಲ್ಲಿ ಕೇಬಲ್ ಇರಲ್ಲ ಸಾರ್. ನೀವು ಪೆಡಲ್ ಎಷ್ಟು ಒತ್ತಿದಿರಿ ಅಂತ ಸೆನ್ಸರ್ ಹೇಳುತ್ತೆ. ಟರ್ಬೊ ಎಷ್ಟು ಗಾಳಿ ತುಂಬಿದೆ ನೋಡಿಕೊಂಡು, ಎಷ್ಟು ಡೀಸೆಲ್ ಕೊಡಬೇಕು ಅಂತ ಕಂಪ್ಯೂಟರ್ ತೀರ್ಮಾನ ಮಾಡುತ್ತೆ."

"ಅಂದರೆ ನಾನು ಅರ್ಜಿ ಹಾಕುವವನು, ಮಂಜೂರು ಮಾಡುವುದು ಅದು?"

"ಹೌದು ಸಾರ್. ಆದರೆ ನೀವು ಅರ್ಧವೇ ಕೇಳ್ತಿದೀರಿ."

"ಪೂರ್ತಿ ಒತ್ತಿದ್ದೇನಪ್ಪ."

ಅವನು ಪರದೆ ನೋಡಿದ, ನನ್ನ ನರೆತ ತಲೆ ನೋಡಿದ. "ಕಾರಲ್ಲಿ ದೋಷ ಇಲ್ಲ. ಕಾಲು ಒಮ್ಮೆ ತೋರಿಸಿ ಸಾರ್."

ಮರುದಿನ ಡಾಕ್ಟರಿಗೆ ತೋರಿಸಿದೆ. ಮೊಣಕಾಲಿನಲ್ಲೂ ದೋಷ ಇರಲಿಲ್ಲ.

ಏರು

ವರ್ಷಾಂತಿಕಕ್ಕೆಂದು ಭಾವನ ಜೊತೆ ಶೃಂಗೇರಿಗೆ ಹೊರಟೆ. ಹರಿಹರಪುರ ದಾಟಿದ ಮೇಲೆ ಒಂದು ಏರಿನಲ್ಲಿ ಕಾರು ತೆವಳತೊಡಗಿತು. ಹಿಂದಿನ ಬಸ್ಸು ಹಾರನ್ ಹೊಡೆಯುತ್ತಲೇ ಇತ್ತು.

"ಇವತ್ತಿಗೆ ಮುಗೀತು, ನಿಲ್ಲಿಸಿ," ಎಂದರು ಭಾವ. ಇಳಿದು ನನ್ನ ಕಡೆಗೆ ಬಂದು, ಪೆಡಲ್‌ಗೆ ಏನಾದರೂ ಅಡ್ಡ ಸಿಕ್ಕಿದೆಯೇ ನೋಡಲು ನನ್ನ ಕಾಲು ಎತ್ತಿಸಿ, ರಬ್ಬರ್ ಮ್ಯಾಟ್ ಎಳೆದರು. ಅದರಡಿಯಲ್ಲಿ, ಪೆಡಲ್ ಬಂದು ತಾಗುವಲ್ಲಿ, ದಪ್ಪನೆಯ ಒಂದು ಬಟ್ಟೆಯ ಮೆತ್ತೆ. ನೀಲಿ ಸೀರೆಯ ತುಂಡು. ಹೊಲಿಗೆ ಅವಳದೇ.

ಭಾವ ರಸ್ತೆಯಲ್ಲೇ ಕುಕ್ಕರಿಸಿದರು. "ಆಸ್ಪತ್ರೆಯಲ್ಲಿ ಹೇಳಿದ್ದಳು, ಮಾರಾಯ್ರೇ. 'ಅಣ್ಣ, ಗಾಬರಿಗೆ ಇವರು ಹುಚ್ಚಾಪಟ್ಟೆ ಓಡಿಸ್ತಾರೆ, ಇವರ ಕಾಲಿಗೆ ಕಡಿವಾಣ ಹಾಕಿದೀನಿ' ಅಂತ. ನಾನು ಬರೀ ಮಾತಿಗೆ ಅಂದದ್ದು ಅಂದ್ಕೊಂಡೆ."

ಭಾವ ಎದ್ದು ಬಂದು ಮತ್ತೆ ಕಾರು ಹತ್ತಿದರು. ಆಮೇಲೆ ಮೆತ್ತೆಯನ್ನು ಮಡಿಲಲ್ಲಿಟ್ಟುಕೊಂಡು, ವರ್ಷವಿಡೀ ಒತ್ತಿದ ಹಾಗೆಯೇ ಪೆಡಲನ್ನು ಪೂರ್ತಿ ಒತ್ತಿದೆ. ಅರೆಕ್ಷಣ ಏನೂ ಆಗಲಿಲ್ಲ; ಟರ್ಬೊ ಗಾಳಿ ತುಂಬಿಕೊಳ್ಳುತ್ತಿತ್ತು. ನಂತರ ಕಂಪ್ಯೂಟರ್ ನನ್ನ ಹಳೆಯ ಅರ್ಜಿಗಳನ್ನೆಲ್ಲ ಒಟ್ಟಿಗೇ ಮಂಜೂರು ಮಾಡಿತು.

ಏರು ಯಾವಾಗ ಮುಗಿಯಿತೋ ತಿಳಿಯಲಿಲ್ಲ. ಭಾವ ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ತಬ್ಬಿಕೊಂಡು ಕೂಗುತ್ತಿದ್ದರು:

"ಮಾರೋದು ಬೇಡ, ಏನೂ ಬೇಡ! ನನ್ನ ತಂಗಿ ಇಟ್ಟಿದ್ದನ್ನ ಮೊದಲು ಇದ್ದಲ್ಲೇ ಇಡಿ!"

ಇಟ್ಟೆ.