ಕೆಂಪು ದೀಪದವರಿಗೆ ಕೋರಸ್ ಅಕ್ಕನ ಅಹವಾಲು

ಮಾನ್ಯ ಕೆಂಪು ದೀಪದವರೇ,

ಸ್ಟುಡಿಯೋದ ಗಾಜಿನ ಕಿಟಕಿಯ ಮೇಲೆ, ಎಲ್ಲರ ತಲೆಗಿಂತ ಒಂದು ಗೇಣು ಎತ್ತರದಲ್ಲಿ ವಿರಾಜಮಾನರಾಗಿ, ರೆಕಾರ್ಡಿಂಗ್ ಶುರುವಾದ ಕೂಡಲೇ ಕಣ್ಣು ಕೆಂಪಗೆ ಮಾಡುವ ತಮ್ಮ ಸನ್ನಿಧಿಗೆ, ಇಷ್ಟು ವರ್ಷ ಮುಖ್ಯ ಗಾಯಕಿಯರ ಬೆನ್ನ ಹಿಂದೆ ನಿಂತು ‘ಆ...’ ಎಂದೇ ಕಾಲ ಕಳೆದವಳ ಭಯಭಕ್ತಿಪೂರ್ವಕ ವಂದನೆಗಳು. ತಾವು ಕ್ಷೇಮವೆಂದು ಬಲ್ಲೆ. ನನ್ನ ಗಂಟಲು ಕ್ಷೇಮವಿಲ್ಲ, ಅದಕ್ಕೆ ಕಾರಣ ತಾವೇ.

ಕಳೆದ ವಾರ ಮೊದಲ ಬಾರಿಗೆ ಇಡೀ ಹಾಡು ನನ್ನೊಬ್ಬಳಿಗೇ ಸಿಕ್ಕಿತು. ದೂರ ಹೊರಟ ಮಗಳಿಗೆ ತಾಯಿ ಹಾಡುವ ಹಾಡು. ಸಂಜೆಯೊಳಗೆ ಮುಗಿಯದಿದ್ದರೆ ಬೇರೆಯವರಿಂದ ಹಾಡಿಸುವುದಾಗಿ ಸಂಗೀತ ನಿರ್ದೇಶಕರು ಮೊದಲೇ ಹೇಳಿದ್ದರು. ಪಾತ್ರೆ ತೊಳೆಯುತ್ತ ನಾನು ಇದನ್ನು ಹಾಡಿಕೊಂಡಾಗ ಕಣ್ಣೊರೆಸಿಕೊಂಡಿದ್ದ ನನ್ನ ತಂಗಿಯೂ ಜೊತೆಗೆ ಬಂದಿದ್ದಳು. ತಾವು ಉರಿದೊಡನೆ ಅದೇ ಹಾಡು ಮೇಷ್ಟ್ರ ಮುಂದೆ ಮಗ್ಗಿ ಒಪ್ಪಿಸಿದಂತಾಯಿತು. ತಂಗಿ ಫ್ಲಾಸ್ಕಿನಿಂದ ಬಿಸಿನೀರು ಕುಡಿಸಿದಳು, ಚಪ್ಪಲಿ ಬಿಡಿಸಿದಳು, ತಮ್ಮ ಕಡೆ ನೋಡಲೇಬೇಡ ಎಂದಳು. ನೋಡದೆ ಇರುವುದು ಹೇಗೆ ಸ್ವಾಮಿ, ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ತಾವೇ.

ಪಾಪ, ರೆಕಾರ್ಡಿಸ್ಟ್ ನಾನು ಮತ್ತೆ ಮತ್ತೆ ಹಾಡಿದ್ದರಲ್ಲೆಲ್ಲ ಹುಡುಕಿ ಒಂದೊಂದು ಸಾಲು ಆರಿಸಿ, ತೇಪೆ ಹಚ್ಚಿ, ಶ್ರುತಿ ಎಳೆದು ಕೂರಿಸಿ, ನಡುನಡುವಿನ ಉಸಿರನ್ನೆಲ್ಲ ಕತ್ತರಿಸಿ, ಒಂದು ನಿರ್ದೋಷ ಹಾಡು ಮಾಡಿ ಕೇಳಿಸಿದರು. ನಿರ್ದೇಶಕರು ಪೂರ್ತಿ ಕೇಳಿ, ‘ಎಲ್ಲಾ ಸರಿಯಾಗಿದೆ. ಆದ್ರೆ ಇದ್ರಲ್ಲಿ ತಾಯಿ ಎಲ್ಲಿ?’ ಎಂದರು. ನಾಚಿಕೆಗಿಂತ ಹೆಚ್ಚು ದುಃಖವಾಯಿತು, ಯಾಕೆಂದರೆ ತಾಯಿ ಅಲ್ಲೇ ಇದ್ದಳು, ತಮಗೆ ಹೆದರಿ ಹೊರಗೆ ಬಂದಿರಲಿಲ್ಲ ಅಷ್ಟೆ.

ಆಮೇಲೆ ರೆಕಾರ್ಡಿಸ್ಟ್ ಬಂದು, ಬಲ್ಬು ಹೋಗಿದೆಯೆಂದೂ ಹೊಸದು ತರುವ ತನಕ ಸುಮ್ಮನೆ ಒಮ್ಮೆ ಹಾಡಿಕೊಳ್ಳಬೇಕೆಂದೂ ಹೇಳಿದರು. ತಾವೇ ಇಲ್ಲವೆಂದ ಮೇಲೆ ನನಗಾರ ಹಂಗು? ಗಾಜಿನಾಚೆ ಕೂತ ತಂಗಿಯನ್ನು ನೋಡುತ್ತ ಹಾಡಿದೆ. ಎರಡನೇ ಚರಣದಲ್ಲಿ ದನಿ ನಡುಗಿತು. ನಡುಗಲಿ ಬಿಡು ಎಂದುಕೊಂಡು ಮುಂದೆ ಹೋದೆ. ಮುಗಿದಾಗ ನಿರ್ದೇಶಕರು ಕನ್ನಡಕ ಒರೆಸುತ್ತಿದ್ದರು, ರೆಕಾರ್ಡಿಸ್ಟ್ ಜೇಬಿನಿಂದ ಬಲ್ಬನ್ನು, ಅಂದರೆ ತಮ್ಮನ್ನೇ, ತೆಗೆದು ತೋರಿಸಿದರು. ಅಷ್ಟನ್ನೂ ರೆಕಾರ್ಡ್ ಮಾಡಿಕೊಂಡಿದ್ದರು! ನಡುಗಿದ ದನಿಯನ್ನು ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆಯಾಗಿದೆ.

ಹಾಡು ಉಳಿಯಿತು, ನಾನೂ ಉಳಿದೆ. ಆದ್ದರಿಂದ ಬಹುಕಾಲ ಉರಿದು ದಣಿದಿರುವ ತಾವು ಇನ್ನು ದೀರ್ಘ ರಜೆ ಪಡೆಯಬೇಕೆಂದೂ, ಅದು ಒಗ್ಗದಿದ್ದರೆ ಹಸಿರು ಬಣ್ಣಕ್ಕೆ ವರ್ಗ ಮಾಡಿಸಿಕೊಂಡು ಯಾವುದಾದರೂ ಸಿಗ್ನಲ್ಲಿನಲ್ಲಿ ಜನರನ್ನು ಮುಂದೆ ಹೋಗಲು ಬಿಟ್ಟು ಪುಣ್ಯ ಕಟ್ಟಿಕೊಳ್ಳಬೇಕೆಂದೂ ಸವಿನಯವಾಗಿ ಕೋರುತ್ತೇನೆ.

ಇತಿ,
ತಾವು ಉರಿಯದಿರುವವರೆಗೆ ತಮ್ಮ ವಿಶ್ವಾಸಿ,
ಕೋರಸ್ ಅಕ್ಕ

ವಿ.ಸೂ.: ನಾಳೆ ನನ್ನ ಎರಡನೇ ಹಾಡು. ರೆಕಾರ್ಡಿಸ್ಟ್ ತಮ್ಮನ್ನು ಈಗಲೇ ಬಿಚ್ಚಿಟ್ಟಿದ್ದಾರಂತೆ. ತಾವು ಆರಿದ್ದರೆ ರೆಕಾರ್ಡಿಂಗ್ ನಡೆಯುತ್ತಿದೆಯೆಂದು ಈಗ ನನಗೆ ಗೊತ್ತು. ಹಾಗಾಗಿ ಈಗ ತಮ್ಮ ಖಾಲಿ ಜಾಗಕ್ಕೇ ಹೆದರುತ್ತಿದ್ದೇನೆ. ರಜೆಯ ಮಾತು ಮರೆತು, ದಯಮಾಡಿ ಬಂದು ಬೆಳಗಿನಿಂದಲೇ ಉರಿಯುತ್ತ ಕೂತಿರಿ. ಹುಟ್ಟಿದ್ದಕ್ಕೆ ಒಮ್ಮೆಯಾದರೂ ತಮ್ಮಿಂದ ಯಾರಿಗಾದರೂ ಧೈರ್ಯ ಬರಲಿ.